ಮಗು ಏನೋ ನುಂಗಿದೆ: ಏನು, ಎಲ್ಲಿ, ಎಷ್ಟು ಹೊತ್ತಾಯಿತು

ನುಂಗಿದ ವಸ್ತು ಒಮ್ಮೆ ಜಠರಕ್ಕೆ ಇಳಿದರೆ ಸಾಮಾನ್ಯವಾಗಿ ತಾನಾಗಿಯೇ ಮಲದಲ್ಲಿ ಹೊರಬೀಳುತ್ತದೆ. ಹತ್ತು ಮಕ್ಕಳಲ್ಲಿ ಎಂಟು ಒಂಬತ್ತು ಮಕ್ಕಳಿಗೆ ಏನೂ ಮಾಡಬೇಕಾಗುವುದಿಲ್ಲ. ಒಂದಿಬ್ಬರಿಗೆ ಎಂಡೋಸ್ಕೋಪಿ, ಅಂದರೆ ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ನೋಡಿ ತೆಗೆಯುವುದು, ಬೇಕಾಗುತ್ತದೆ. ಹೊಟ್ಟೆ ಕೊಯ್ಯುವ ಪ್ರಸಂಗ ನೂರಕ್ಕೆ ಒಂದೂ ಬರುವುದಿಲ್ಲ. "ಏನೂ ಆಗಲ್ಲ ಬಿಡಿ, ನಾಳೆ ಹೊರಗೆ ಬರುತ್ತೆ" ಎಂದು ಮನೆಯ ಹಿರಿಯರು ಹೇಳುವುದು ಈ ಅನುಭವದ ಮೇಲೆಯೇ. ತೊಂದರೆ ಏನೆಂದರೆ, ಆ ಉಳಿದ ಒಂದಿಬ್ಬರು ಯಾರು ಎಂಬುದು ಮುಖ ನೋಡಿದರೆ ಗೊತ್ತಾಗುವುದಿಲ್ಲ. ಬಟನ್ ಸೆಲ್, ಅಂದರೆ ಪುಟ್ಟ ರಿಮೋಟ್‌ಗಳಲ್ಲಿರುವ ನಾಣ್ಯದಂಥ ಚಪ್ಪಟೆ ಬ್ಯಾಟರಿ, ನುಂಗಿದ ಮಗು ಎರಡು ಗಂಟೆ ಆಟವಾಡಿಕೊಂಡೇ ಇರಬಹುದು. ಅಷ್ಟು ಹೊತ್ತಿಗೆ ಅದರ ಅನ್ನನಾಳ ಸುಟ್ಟಿರುತ್ತದೆ. ಆದ್ದರಿಂದ ಮಗು ಚೆನ್ನಾಗಿ ಕಾಣುತ್ತಿದೆಯೇ ಎಂಬುದರ ಮೇಲೆ ತೀರ್ಮಾನ ಮಾಡಬೇಡಿ. ಏನು ನುಂಗಿದೆ, ಅದು ಈಗ ಎಲ್ಲಿದೆ ಎಂಬುದರ ಮೇಲೆ ಮಾಡಿ.

ಮೊದಲು ಉಸಿರು

ಗಂಟಲಿನ ಹಿಂದೆ ಎರಡು ದಾರಿ: ಒಂದು ಹೊಟ್ಟೆಗೆ, ಇನ್ನೊಂದು ಶ್ವಾಸಕೋಶಕ್ಕೆ. ವಸ್ತು ಯಾವ ದಾರಿ ಹಿಡಿದಿದೆ ಎಂಬುದನ್ನು ಮೊದಲ ಅರ್ಧ ನಿಮಿಷದಲ್ಲೇ ನೋಡಬೇಕು.

ಮಗು ಜೋರಾಗಿ ಕೆಮ್ಮುತ್ತಿದೆ, ಅಳುತ್ತಿದೆ ಎಂದರೆ ಗಾಳಿ ಓಡಾಡುತ್ತಿದೆ ಎಂದರ್ಥ. ಕೆಮ್ಮಲು ಬಿಡಿ. ಅದಕ್ಕಿಂತ ಒಳ್ಳೆಯ ಉಪಾಯ ನಿಮ್ಮ ಕೈಯಲ್ಲಿಲ್ಲ. ಬೆನ್ನು ಬಡಿಯುವುದು, ನೀರು ಕುಡಿಸುವುದು ಬೇಡ. ಕೆಮ್ಮು ದನಿಯಿಲ್ಲದೆ ಕ್ಷೀಣಿಸಿದರೆ, ಅಳಲು ಬಾಯಿ ತೆರೆದರೂ ಸದ್ದು ಬಾರದಿದ್ದರೆ, ತುಟಿ ನೀಲಿಯಾಗತೊಡಗಿದರೆ ದಾರಿ ಮುಚ್ಚಿದೆ. ಒಬ್ಬರು 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಕೂಡಲೇ ಶುರುಮಾಡಲಿ.

ಒಂದು ವರ್ಷದೊಳಗಿನ ಕೂಸಾದರೆ, ನೀವು ಕುಳಿತು, ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ಆ ತೋಳನ್ನು ನಿಮ್ಮ ತೊಡೆಗೆ ಆನಿಸಿ. ತಲೆ ಎದೆಗಿಂತ ಕೆಳಗಿರಲಿ. ದವಡೆಯನ್ನು ಬೆರಳುಗಳಿಂದ ಹಿಡಿಯಿರಿ, ಗಂಟಲಿನ ಮೆತ್ತನೆಯ ಭಾಗ ಒತ್ತಬಾರದು. ಅಂಗೈ ಬುಡದಿಂದ ಎರಡು ಹೆಗಲ ಎಲುಬುಗಳ ನಡುವೆ 5 ಏಟು, ಒಂದೊಂದೂ ಗಟ್ಟಿಯಾಗಿ, ಬಿಡಿಬಿಡಿಯಾಗಿ. ಬರಲಿಲ್ಲವೇ, ಕೂಸನ್ನು ಅಂಗಾತ ತಿರುಗಿಸಿ ಎದೆಯ ನಡುವೆ, ಮೊಲೆತೊಟ್ಟುಗಳ ಗೆರೆಗಿಂತ ಸ್ವಲ್ಪ ಕೆಳಗೆ, ಅಂಗೈ ಬುಡದಿಂದ 5 ಸಲ ಒತ್ತಿ. ಸುಮಾರು 4 ಸೆಂ.ಮೀ. ಇಳಿಯಬೇಕು. ಮತ್ತೆ ಬೆನ್ನು, ಮತ್ತೆ ಎದೆ. ಇಷ್ಟು ಚಿಕ್ಕ ಮಕ್ಕಳಿಗೆ ಹೊಟ್ಟೆ ಅಮುಕಬಾರದು, ಪಿತ್ತಜನಕಾಂಗಕ್ಕೆ ಪೆಟ್ಟಾಗುತ್ತದೆ.

ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ 5 ಏಟು ಕೊಡಿ. ಆಮೇಲೆ ಅದರ ಹಿಂದೆ ಮಂಡಿಯೂರಿ ಕುಳಿತು, ಮುಷ್ಟಿಯನ್ನು ಹೊಕ್ಕುಳಕ್ಕೂ ಎದೆಗೂಡಿಗೂ ನಡುವೆ ಇಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು, ಒಳಕ್ಕೂ ಮೇಲಕ್ಕೂ 5 ಸಲ ಜಗ್ಗಿ. ವಸ್ತು ಹೊರಬರುವವರೆಗೆ ಅಥವಾ ಮಗು ಎಚ್ಚರ ತಪ್ಪುವವರೆಗೆ ಇದೇ ಸರದಿ. ಎಚ್ಚರ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಎದೆ ಒತ್ತಲು ಶುರುಮಾಡಿ: 30 ಒತ್ತು, ಬಾಯಿ ತೆರೆದು ಒಂದು ನೋಟ, 2 ಉಸಿರು. ವಸ್ತು ಕಣ್ಣಿಗೆ ಕಂಡರೆ ಮಾತ್ರ ತೆಗೆಯಿರಿ. ಕಾಣದೆ ಬೆರಳು ಹಾಕಿ ತಡಕಿದರೆ ಅದು ಇನ್ನೂ ಆಳಕ್ಕೆ ಹೋಗಿ ಬಿರಡೆಯಂತೆ ಕೂರುತ್ತದೆ. ಹೊಟ್ಟೆ ಅಮುಕಿ ತೆಗೆದ ಮಗು ಚೇತರಿಸಿಕೊಂಡರೂ ಅದೇ ದಿನ ವೈದ್ಯರು ಒಮ್ಮೆ ನೋಡಲಿ.

ಉಸಿರಿಗೆ ತೊಂದರೆಯಿಲ್ಲ ಎಂದಾದರೆ ಮುಂದಿನ ಪ್ರಶ್ನೆ ವಸ್ತುವಿನದು.

ನಾಣ್ಯ ಎಂದು ನಂಬುವ ಮೊದಲು

2019ರಲ್ಲಿ ಬಂದ ಹೊಸ ಸರಣಿಯ 1 ರೂಪಾಯಿ ನಾಣ್ಯದ ಅಡ್ಡಗಲ 20 ಮಿ.ಮೀ. ಕಾರಿನ ಕೀಲಿ, ತೂಕದ ಯಂತ್ರ, ಪುಟ್ಟ ರಿಮೋಟ್‌ಗಳಲ್ಲಿ ಇರುವ ಸಿಆರ್2032 ಸೆಲ್‌ನ ಅಡ್ಡಗಲವೂ 20 ಮಿ.ಮೀ. ಎರಡೂ ಬೆಳ್ಳಗೆ ಹೊಳೆಯುತ್ತವೆ. "ದುಂಡಗೆ ಬೆಳ್ಳಗೆ ಏನೋ ಬಾಯಿಗೆ ಹಾಕಿಕೊಂಡ" ಎಂದು ಅಣ್ಣನೋ ಅಕ್ಕನೋ ಹೇಳಿದರೆ ಅದು ನಾಣ್ಯವೇ ಎಂದು ಅಂದುಕೊಳ್ಳುವಂತಿಲ್ಲ. ಎಕ್ಸ್‌ರೇ ಬೇರೆ ಹೇಳುವವರೆಗೆ ಅದನ್ನು ಸೆಲ್ ಎಂದೇ ಎಣಿಸಿ ಓಡಬೇಕು. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸೆಲ್ ಒಡೆದು ರಾಸಾಯನಿಕ ಸೋರಿ ಸುಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಮುಖ್ಯ ಕಾರಣ ಅದಲ್ಲ. ಒದ್ದೆಯಾದ ಅನ್ನನಾಳದ ಗೋಡೆಗೆ ಸೆಲ್‌ನ ಎರಡೂ ಮುಖ ತಾಗಿದೊಡನೆ ವಿದ್ಯುತ್ ಹರಿಯತೊಡಗುತ್ತದೆ. ಋಣಧ್ರುವದ ಬಳಿ ದೇಹದ ನೀರಿನಿಂದಲೇ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತದೆ. ಆ ಕ್ಷಾರ ಮಾಂಸವನ್ನು ಕರಗಿಸುತ್ತಾ ಒಳಕ್ಕಿಳಿಯುತ್ತದೆ. ಹಸಿ ಮಾಂಸದ ಎರಡು ಹೋಳುಗಳ ನಡುವೆ 3 ವೋಲ್ಟಿನ ಲಿಥಿಯಂ ಸೆಲ್ ಇಟ್ಟು ನೋಡಿದರೆ ಎರಡು ಗಂಟೆಯೊಳಗೆ ಅಲ್ಲಿ ಕಪ್ಪು ಗುಳಿ ಬಿದ್ದಿರುತ್ತದೆ. ರಿಮೋಟ್ ನಡೆಸಲಾರದಷ್ಟು ಸತ್ತ ಸೆಲ್‌ನಲ್ಲೂ ಸುಡುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಹಾಗಾಗಿ "ಹಳೇ ಸೆಲ್ಲು, ಪರವಾಗಿಲ್ಲ" ಎಂಬ ಮಾತು ಸುಳ್ಳು. ಅನ್ನನಾಳದ ಮುಂದೆ ಶ್ವಾಸನಾಳ, ಪಕ್ಕದಲ್ಲಿ ಮಹಾಧಮನಿ. ಸುಟ್ಟ ಗಾಯ ಅಲ್ಲಿಯವರೆಗೆ ತಲುಪಿದರೆ ಆಗುವ ಅನಾಹುತವನ್ನು ಸರಿಪಡಿಸುವುದು ದೊಡ್ಡ ಆಸ್ಪತ್ರೆಗೂ ಕಷ್ಟ.

ಸೆಲ್ ಎಂದು ಗೊತ್ತಿದ್ದರೆ ಅಥವಾ ಅನುಮಾನವಿದ್ದರೆ ಕೂಡಲೇ ಹೊರಡಿ. ಮಗುವಿಗೆ ಒಂದು ವರ್ಷ ತುಂಬಿದೆ, ನುಂಗಿ 12 ಗಂಟೆ ಆಗಿಲ್ಲ, ಅದು ನುಂಗಬಲ್ಲುದು ಎಂದಾದರೆ ದಾರಿಯಲ್ಲಿ ಜೇನುತುಪ್ಪ ಕೊಡಬಹುದು: 2 ಟೀ ಚಮಚ, ಅಂದರೆ 10 ಎಂ.ಎಲ್., ಹತ್ತು ಹತ್ತು ನಿಮಿಷಕ್ಕೊಮ್ಮೆ, ಹೆಚ್ಚೆಂದರೆ 6 ಸಲ. ಜೇನು ಸೆಲ್ ಸುತ್ತ ಅಂಟಿಕೊಂಡು, ಹುಟ್ಟುವ ಕ್ಷಾರವನ್ನು ಸ್ವಲ್ಪ ಮಟ್ಟಿಗೆ ಅಡಗಿಸುತ್ತದೆ. ಸುಡುವುದನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಮನೆಯಲ್ಲಿ ಜೇನಿಲ್ಲ ಎಂದು ಅಂಗಡಿ ಹುಡುಕುತ್ತಾ ಹೊತ್ತು ಕಳೆಯಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳನ್ನು ಅಷ್ಟು ಎಳೆಯ ಕರುಳು ತಡೆಯಲಾರದು. ಜ್ವರ ಬಂದಿದ್ದರೆ, ಬಾಯಲ್ಲಿ ರಕ್ತ ಕಂಡಿದ್ದರೆ, ಯಾವಾಗ ನುಂಗಿತೋ ತಿಳಿಯದಿದ್ದರೆ ಆಗಲೂ ಕೊಡಬೇಡಿ. ಗೋಡೆ ತೂತಾಗಿದ್ದರೆ ಒಳಗೆ ಹೋದದ್ದೆಲ್ಲ ಎದೆಗೂಡಿಗೆ ಸೋರುತ್ತದೆ.

ಹೊರಡುವಾಗ ಒಂದು ಕೆಲಸ ಮರೆಯಬೇಡಿ. ನುಂಗಿದ ವಸ್ತುವಿನ ಜೋಡಿ, ಅದು ಬಂದ ಆಟಿಕೆ, ಸೆಲ್ ಪ್ಯಾಕೆಟ್, ಮಾಲೆಯ ಉಳಿದ ಮಣಿಗಳು, ಇನ್ನೊಂದು ಕಿವಿಯ ಓಲೆ, ಏನು ಸಿಕ್ಕರೆ ಅದನ್ನು ಚೀಲಕ್ಕೆ ಹಾಕಿಕೊಳ್ಳಿ. ವೈದ್ಯರಿಗೆ ನಿಮ್ಮ ವಿವರಣೆಗಿಂತ ಅದು ಹೆಚ್ಚು ಹೇಳುತ್ತದೆ. ಪ್ಯಾಕೆಟ್ಟಿನ ಮೇಲಿನ ಸಂಖ್ಯೆಯೇ ಅಳತೆ: 2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ.

ಮಾಡಬಾರದ್ದು

ಬಾಳೆಹಣ್ಣು, ಅನ್ನದ ಉಂಡೆ. ನಮ್ಮಲ್ಲಿ ಇದು ಮೊದಲ ಮದ್ದು. ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಮೇಲಿನಿಂದ ತಳ್ಳಿದರೆ ಅದು ಇಳಿಯಬಹುದು, ಇನ್ನೂ ಬಿಗಿಯಾಗಿ ಕೂರಬಹುದು, ಚೂಪಾಗಿದ್ದರೆ ಗೋಡೆಗೆ ನಾಟಬಹುದು. ಕರಾವಳಿಯಲ್ಲಿ ಮೀನಿನ ಮುಳ್ಳಿಗೆ ಅನ್ನದ ಉಂಡೆ ನುಂಗಿಸುವ ರೂಢಿಯಿದೆ. ಮುಳ್ಳು ಹೆಚ್ಚಾಗಿ ಚುಚ್ಚಿಕೊಳ್ಳುವುದು ಟಾನ್ಸಿಲ್‌ನಲ್ಲಿ ಅಥವಾ ನಾಲಿಗೆಯ ಬುಡದಲ್ಲಿ. ಅಲ್ಲಿಂದ ಅದನ್ನು ಇಎನ್‌ಟಿ ವೈದ್ಯರು ಬೆಳಕು ಹಿಡಿದು ನೋಡಿ ಚಿಮುಟದಲ್ಲಿ ಎಳೆದುಬಿಡುತ್ತಾರೆ. ಉಂಡೆ ನುಂಗಿಸಿದರೆ ಸುಲಭಕ್ಕೆ ಸಿಗುತ್ತಿದ್ದ ಮುಳ್ಳು ಅನ್ನನಾಳಕ್ಕೆ ಹೋಗುತ್ತದೆ.

ಇನ್ನೊಂದು ಕಾರಣವೂ ಇದೆ. ವಸ್ತು ತೆಗೆಯಲು ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿಯಿರಬೇಕು. ಗಟ್ಟಿ ಆಹಾರ ತಿಂದಿದ್ದರೆ 6 ಗಂಟೆ, ತಾಯಿಹಾಲಾದರೆ 4 ಗಂಟೆ ಕಾಯುತ್ತಾರೆ. ಅಳು ನಿಲ್ಲಿಸಲು ಬಸ್ಸಿನಲ್ಲಿ ಕೊಟ್ಟ ಒಂದು ಬಿಸ್ಕತ್ತು ಅರ್ಧ ದಿನ ತಿನ್ನುತ್ತದೆ. ಸೆಲ್ ಆದರೆ ಹೊಟ್ಟೆ ತುಂಬಿದ್ದರೂ ಕಾಯದೆ ತೆಗೆಯುತ್ತಾರೆ. ಮೇಲೆ ಹೇಳಿದ ಜೇನೊಂದೇ ಈ ಉಪವಾಸಕ್ಕಿರುವ ವಿನಾಯಿತಿ.

ವಾಂತಿ ಮಾಡಿಸುವುದು, ಉಪ್ಪುನೀರು ಕುಡಿಸುವುದು, ಕಾಲು ಹಿಡಿದು ತಲೆಕೆಳಗು ಮಾಡಿ ಜಾಡಿಸುವುದು ಬೇಡ. ಹೊಟ್ಟೆಯಿಂದ ಮೇಲೆ ಬಂದ ವಸ್ತು ಶ್ವಾಸನಾಳಕ್ಕೆ ಜಾರಬಹುದು. ಹರಳೆಣ್ಣೆ, ಭೇದಿ ಮಾತ್ರೆಗಳಿಂದಲೂ ಉಪಯೋಗವಿಲ್ಲ.

ಯಾರೂ ನೋಡದಿದ್ದಾಗ

ನುಂಗಿದ್ದನ್ನು ಕಣ್ಣಾರೆ ಕಂಡವರು ಎಷ್ಟೋ ಸಲ ಇರುವುದಿಲ್ಲ, ಮಗುವಿಗೆ ಹೇಳಲು ಬರುವುದಿಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡಿದ್ದರೆ ಜೊಲ್ಲು ಧಾರೆಯಾಗಿ ಸುರಿಯುತ್ತದೆ, ಎಂಜಲು ನುಂಗಲೂ ಆಗುವುದಿಲ್ಲ. ತುತ್ತು ಬಾಯಿಗಿಟ್ಟರೆ ಉಗುಳುತ್ತದೆ, ಹಾಲು ಮಾತ್ರ ಕುಡಿಯುತ್ತದೆ. ನಿನ್ನೆಯವರೆಗೆ ಇಡ್ಲಿ, ಮುದ್ದೆ ತಿನ್ನುತ್ತಿದ್ದ ಮಗು ಇದ್ದಕ್ಕಿದ್ದಂತೆ ಗಟ್ಟಿ ಆಹಾರ ಬಿಟ್ಟು ದ್ರವಕ್ಕೆ ಇಳಿದರೆ ಹಲ್ಲು ಬರುತ್ತಿದೆ ಎಂದು ಸುಮ್ಮನಾಗಬೇಡಿ. ಕತ್ತು ಓರೆ ಮಾಡುವುದು, ಎದೆ ಮುಟ್ಟಿಕೊಂಡು ಅಳುವುದು, ಊಟವಾದೊಡನೆ ವಾಂತಿ, ಎಂಜಲಲ್ಲಿ ರಕ್ತದ ಗೆರೆ ಇವೂ ಅದೇ ಕಡೆ ಬೆರಳು ತೋರಿಸುತ್ತವೆ. ಉಬ್ಬಿದ ಅನ್ನನಾಳ ಪಕ್ಕದ ಶ್ವಾಸನಾಳವನ್ನು ಒತ್ತಿ ಕೆಮ್ಮು, ಗೊರಗೊರ ಶಬ್ದವನ್ನೂ ತರುತ್ತದೆ. ಸೆಲ್ ನುಂಗಿದ ಮಕ್ಕಳಿಗೆ ನೆಗಡಿ ಕೆಮ್ಮಿನ ಔಷಧಿ ಕೊಟ್ಟು ದಿನ ಕಳೆಯುವುದು ಈ ಮೋಸದಿಂದಲೇ.

ಶ್ವಾಸನಾಳದ ಕಥೆ ಬೇರೆ. ಕಡಲೆಕಾಯಿ, ಅಡಿಕೆ ಚೂರು, ಹುಣಸೆ ಬೀಜ, ಸೀತಾಫಲದ ಬೀಜ ನಮ್ಮಲ್ಲಿ ಮತ್ತೆ ಮತ್ತೆ ಸಿಗುವ ವಸ್ತುಗಳು. ಮಗು ಏನೋ ತಿನ್ನುತ್ತಾ ನಗುವಾಗ ಒಮ್ಮೆ ಜೋರಾಗಿ ಕೆಮ್ಮಿ, ಮುಖ ಕೆಂಪಾಗಿ, ಆಮೇಲೆ ತಣ್ಣಗಾಗುತ್ತದೆ. ವಸ್ತು ಒಂದು ಕಡೆಯ ಶ್ವಾಸಕೋಶದ ಕೊಳವೆಗೆ ಇಳಿದಿದೆ, ಅಲ್ಲಿ ಕೆಮ್ಮಿನ ಒತ್ತಡ ಕಡಿಮೆ, ಅದಕ್ಕೇ ಆ ಸಮಾಧಾನ. ಕೆಲವು ದಿನದ ಮೇಲೆ ಒಂದೇ ಪಕ್ಕದಲ್ಲಿ ಸುಂಯ್‌ಗುಟ್ಟುವ ಉಸಿರು, ವಾಸಿಯಾಗಿ ಮತ್ತೆ ಬರುವ ನ್ಯುಮೋನಿಯಾ. ಕಡಲೆಕಾಯಿಯಂಥ ಕಾಳುಗಳು ಒದ್ದೆಯಾಗಿ ಊದಿಕೊಳ್ಳುತ್ತವೆ, ಅವುಗಳ ಎಣ್ಣೆಯಿಂದ ಕೊಳವೆ ಬಾತುಕೊಳ್ಳುತ್ತದೆ. ಎಕ್ಸ್‌ರೇ ಏನೂ ತೋರಿಸದೆಯೂ ಇರಬಹುದು. ಆದ್ದರಿಂದ ಎರಡು ವಾರದ ಹಿಂದಿನದಾದರೂ ಸರಿ, ಆ ಒಂದು ಕೆಮ್ಮಿನ ಪ್ರಸಂಗವನ್ನು ವೈದ್ಯರಿಗೆ ಹೇಳಿ. ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಕ್ಕೆ ಕೊಳವೆ ಇಳಿಸಿ ನೋಡುವುದು) ಮಾಡಬೇಕೋ ಬೇಡವೋ ಎಂಬ ತೀರ್ಮಾನ ಹೆಚ್ಚಾಗಿ ನಿಮ್ಮ ಆ ಮಾತಿನ ಮೇಲೆಯೇ ನಿಲ್ಲುತ್ತದೆ.

ಆಸ್ಪತ್ರೆಯಲ್ಲಿ

ಮಕ್ಕಳ ಎಂಡೋಸ್ಕೋಪಿ ಎಲ್ಲ ಊರಿನಲ್ಲೂ ಇಲ್ಲ, ಎಕ್ಸ್‌ರೇ ಮಾತ್ರ ಹತ್ತಿರದಲ್ಲೇ ಸಿಗುತ್ತದೆ. ಮೊದಲು ಎಕ್ಸ್‌ರೇ ಇರುವ ಕಡೆ ಹೋಗಿ. ಅನ್ನನಾಳದಲ್ಲಿ ಸೆಲ್ ಎಂದು ಕಂಡರೆ, ಅಲ್ಲಿಂದಲೇ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿಸಿ ತಂಡ ಸಿದ್ಧವಿರುವಂತೆ ಕೇಳಿ. ಅಡ್ಮಿಷನ್ ಚೀಟಿ ಬರೆಸುವ ಸಾಲಿನಲ್ಲಿ ನಿಂತು ಹೊತ್ತು ಹೋಗಬಾರದು. ಕೌಂಟರಿನಲ್ಲಿ "ಮಗು ಸೆಲ್ ನುಂಗಿದೆ, ಇಂತಿಷ್ಟು ಗಂಟೆಗೆ" ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಚಿತ್ರ ಕತ್ತಿನಿಂದ ಹೊಟ್ಟೆಯ ಬುಡದವರೆಗೆ ಬರಬೇಕು, ಮುಂದಿನಿಂದ ಒಂದು, ಪಕ್ಕದಿಂದ ಇನ್ನೊಂದು. ಹೊಟ್ಟೆಯದೊಂದೇ ತೆಗೆದು "ಏನೂ ಕಾಣುತ್ತಿಲ್ಲ" ಎಂದು ಕಳಿಸುವುದು ಆಗಾಗ ನಡೆಯುವ ತಪ್ಪು. ವಸ್ತು ಕತ್ತಿನ ಬುಡದಲ್ಲೇ ಕುಳಿತಿರುತ್ತದೆ. ಅನ್ನನಾಳ ಮೂರು ಕಡೆ ಕಿರಿದು: ಮೇಲಿನ ಬಾಯಲ್ಲಿ, ಮಹಾಧಮನಿ ಬಾಗಿ ಹಾಯುವ ನಡುಭಾಗದಲ್ಲಿ, ಜಠರ ಸೇರುವ ಕೊನೆಯಲ್ಲಿ. ಸಿಕ್ಕಿಕೊಳ್ಳುವ ನಾಣ್ಯಗಳಲ್ಲಿ ಹೆಚ್ಚಿನವು ಮೊದಲ ತಾಣದಲ್ಲಿ, ಕೊರಳೆಲುಬಿನ ಮಟ್ಟದಲ್ಲಿ ನಿಲ್ಲುತ್ತವೆ.

ಎಕ್ಸ್‌ರೇಯನ್ನು ನೀವೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ನಾಣ್ಯ ಒಂದೇ ಸಮನೆ ಬೆಳ್ಳಗಿನ ಬಿಲ್ಲೆ, ಅಂಚು ಒಂದೇ. ಸೆಲ್ ಆದರೆ ಅಂಚಿನ ಒಳಗೆ ಇನ್ನೊಂದು ತೆಳು ವೃತ್ತ ಇರುತ್ತದೆ, ಬಳೆಯೊಳಗೊಂದು ಬಳೆ ಇಟ್ಟ ಹಾಗೆ. ಪಕ್ಕದ ಚಿತ್ರದಲ್ಲಿ ನಾಣ್ಯ ನೇರ ಗೆರೆ. ಸೆಲ್‌ಗೆ ಒಂದು ಬದಿಯಲ್ಲಿ ಸಣ್ಣ ಮೆಟ್ಟಿಲು, ಕಡಾಯಿ ಮೇಲೆ ಅದಕ್ಕಿಂತ ಚಿಕ್ಕ ತಟ್ಟೆ ಮುಚ್ಚಿದಂತೆ. ಆ ಚಿಕ್ಕ ಬದಿ ಋಣಧ್ರುವ. ಅದು ಯಾವ ಕಡೆ ಮುಖ ಮಾಡಿದೆಯೋ ಆ ಕಡೆಯ ಅಂಗಕ್ಕೆ ಅಪಾಯ ಹೆಚ್ಚು. ಹಾಗಾಗಿ ವೈದ್ಯರು ಅದನ್ನು ಬರೆದಿಟ್ಟುಕೊಳ್ಳುತ್ತಾರೆ.

ಎಕ್ಸ್‌ರೇಗೆ ಕಾಣದವೂ ಇವೆ: ಪ್ಲಾಸ್ಟಿಕ್, ಮರ, ಬೀಜಗಳು, ಅನೇಕ ಮೀನಿನ ಮುಳ್ಳುಗಳು. ಅಲ್ಯೂಮಿನಿಯಂ ಬಹಳ ಮಸುಕು. ದೇವರ ಹುಂಡಿಯಲ್ಲೋ ಅಜ್ಜಿಯ ಡಬ್ಬಿಯಲ್ಲೋ ಇನ್ನೂ ಉಳಿದಿರುವ ಹಳೆಯ ಹಗುರ 5, 10, 20 ಪೈಸೆಗಳು ಅಲ್ಯೂಮಿನಿಯಂನವು. ಲಕ್ಷಣ ಇದ್ದು ಎಕ್ಸ್‌ರೇ ಖಾಲಿಯಿದ್ದರೆ ಮನೆಗೆ ಹೊರಡುವ ಮುನ್ನ ಇನ್ನೊಮ್ಮೆ ಕೇಳಿ.

ಮುಂದೇನು ಎಂಬುದು ವಸ್ತು, ಜಾಗ ನೋಡಿ ಬದಲಾಗುತ್ತದೆ. ಅನ್ನನಾಳದ ಸೆಲ್ಲನ್ನು ಆ ಗಳಿಗೆಯಲ್ಲೇ ತೆಗೆಯಬೇಕು, ಎರಡು ಗಂಟೆಯೊಳಗೆ ಆದರೆ ಒಳ್ಳೆಯದು. ತೆಗೆದ ಮೇಲೆ ಸುಟ್ಟ ಜಾಗವನ್ನು ತಿಳಿ ಅಸಿಟಿಕ್ ಆಮ್ಲದಿಂದ ತೊಳೆಯುವುದೂ ಉಂಟು. ಅನ್ನನಾಳದಲ್ಲಿ ನಾಣ್ಯವಿದ್ದು ಮಗು ಆರಾಮಾಗಿದ್ದರೆ ಕೆಲವು ಗಂಟೆ ನೋಡುತ್ತಾರೆ, ನಾಲ್ಕರಲ್ಲೊಂದು ನಾಣ್ಯ ತಾನೇ ಜಠರಕ್ಕೆ ಜಾರುವುದುಂಟು. ಆದರೆ 24 ಗಂಟೆ ಮೀರಿ ಅಲ್ಲಿ ಬಿಡುವುದಿಲ್ಲ. ಜೊಲ್ಲು ಸುರಿಯುತ್ತಿದ್ದರೆ, ಉಸಿರಿಗೆ ತೊಂದರೆಯಿದ್ದರೆ ಕಾಯುವುದೇ ಇಲ್ಲ. ಜಿಲ್ಲಾ ಮಟ್ಟದಲ್ಲಿ ಕತ್ತಿನ ಬುಡದ ನಾಣ್ಯವನ್ನು ಸಾಮಾನ್ಯವಾಗಿ ಇಎನ್‌ಟಿಯವರೇ ಅರಿವಳಿಕೆ ಕೊಡಿಸಿ ತೆಗೆಯುತ್ತಾರೆ, ಹತ್ತು ಹದಿನೈದು ನಿಮಿಷದ ಕೆಲಸ. ಜಠರಕ್ಕೆ ಇಳಿದ ನಾಣ್ಯವಾದರೆ ಮನೆಗೆ ಕಳಿಸುತ್ತಾರೆ. ಜಠರಕ್ಕೆ ಇಳಿದ 20 ಮಿ.ಮೀ. ಸೆಲ್, 5 ವರ್ಷದೊಳಗಿನ ಮಗು ಎಂದರೆ ಎಂಡೋಸ್ಕೋಪಿ ಮಾಡಿ ನೋಡುವುದು ಲೇಸು ಎನ್ನುವ ವೈದ್ಯರು ಬಹಳ. ಇಳಿಯುವಾಗಲೇ ಅನ್ನನಾಳವನ್ನು ಸುಟ್ಟಿರಬಹುದು.

ಸೆಲ್ ತೆಗೆದು ಮನೆಗೆ ಬಂದ ಮೇಲೂ ಕಥೆ ಮುಗಿಯುವುದಿಲ್ಲ. ಗಾಯ ಒಳಗೇ ಆಳವಾಗುತ್ತಾ ಹೋಗಿ ವಾರಗಳ ನಂತರ ರಕ್ತನಾಳ ಒಡೆದ ಪ್ರಸಂಗಗಳಿವೆ. ಆ ಅವಧಿಯಲ್ಲಿ ಒಂದು ಚಮಚ ರಕ್ತ ವಾಂತಿಯಾದರೂ, ಮಲ ಡಾಂಬರಿನಂತೆ ಕಪ್ಪಾದರೂ ದೊಡ್ಡ ಆಸ್ಪತ್ರೆಗೆ ಧಾವಿಸಿ. ಹಾಲು ಕುಡಿದಾಗಲೆಲ್ಲ ಕೆಮ್ಮು, ದನಿ ಬದಲಾಗುವುದು, ಮತ್ತೆ ನುಂಗಲು ಕಷ್ಟ ಇವನ್ನೂ ಕೂಡಲೇ ತಿಳಿಸಿ.

ಮ್ಯಾಗ್ನೆಟ್, ಪಿನ್ನು, ಜೆಲ್ಲಿ ಮಣಿ

ಸೆಲ್ ಬಿಟ್ಟರೆ ನಂತರದ ಭಯ ಮ್ಯಾಗ್ನೆಟ್ಟಿನದು. ಒಂದೇ ಆದರೆ ಹೆಚ್ಚು ಚಿಂತೆಯಿಲ್ಲ. ಎರಡು ನುಂಗಿದರೆ, ಅಥವಾ ಒಂದು ಮ್ಯಾಗ್ನೆಟ್ ಜೊತೆಗೆ ಕಬ್ಬಿಣದ ಚೂರು ಹೋದರೆ, ಕರುಳಿನ ಎರಡು ಸುರುಳಿಗಳಲ್ಲಿ ಒಂದೊಂದು ನಿಂತು ಗೋಡೆಗಳ ಮೂಲಕ ಪರಸ್ಪರ ಎಳೆಯುತ್ತವೆ. ನಡುವೆ ಸಿಕ್ಕ ಕರುಳಿಗೆ ರಕ್ತ ನಿಂತು ಅಲ್ಲಿ ತೂತಾಗುತ್ತದೆ. ಮೊದಲ ಒಂದೆರಡು ದಿನ ಬರೀ ಹೊಟ್ಟೆನೋವು, ವಾಂತಿ, ಅಜೀರ್ಣದಂತೆ. ಎಕ್ಸ್‌ರೇಯಲ್ಲಿ ಮೂರು ಗುಂಡು ಅಂಟಿಕೊಂಡು ಒಂದೇ ಎಂಬಂತೆ ಕಾಣಬಹುದು. ಐದು ಮಿ.ಮೀ.ಯ ಬೆಳ್ಳಿ ಬಣ್ಣದ ಗುಂಡುಗಳ ಆಟಿಕೆ, ಒಡೆದ ಮ್ಯಾಗ್ನೆಟ್ ಬ್ಲಾಕು, ಕಿವಿ ಚುಚ್ಚದೆ ಹಾಕುವ ಮ್ಯಾಗ್ನೆಟ್ ಓಲೆ ಇವು ಮೂಲ. ಮಗು ಕುಣಿಯುತ್ತಿದ್ದರೂ ಅದೇ ದಿನ ಹೋಗಿ. ಜಠರದಲ್ಲಿ ಎಟಕುವಾಗಲೇ ತೆಗೆದರೆ ಆಪರೇಷನ್ ತಪ್ಪುತ್ತದೆ.

ಬಾಯಿ ತೆರೆದ ಪಿನ್ನು, ಸೂಜಿ, ಮೂಗುಬೊಟ್ಟು, ಹೇರ್‌ಪಿನ್ನು ಅನ್ನನಾಳದಲ್ಲಿದ್ದರೆ ತುರ್ತು. ಜಠರದಲ್ಲಿದ್ದರೂ ಎಟಕುವಷ್ಟು ಹೊತ್ತಿನೊಳಗೆ ತೆಗೆಯುವುದೇ ಒಳ್ಳೆಯದು. ಕೂಸಿನ ಬಟ್ಟೆಗೆ, ದೃಷ್ಟಿ ತಾಯತಕ್ಕೆ ಸೇಫ್ಟಿ ಪಿನ್ನು ಚುಚ್ಚುವ ರೂಢಿ ಬಿಟ್ಟರೆ ಅರ್ಧ ಗೆದ್ದಂತೆ. 5 ಸೆಂ.ಮೀ.ಗಿಂತ ಉದ್ದದ್ದು ಸಣ್ಣ ಕರುಳಿನ ಮೊದಲ ತಿರುವಿನಲ್ಲಿ ಹೊರಳಲಾರದು. 2.5 ಸೆಂ.ಮೀ.ಗಿಂತ ಅಗಲವಾದದ್ದು ಜಠರದ ಬಾಗಿಲು ದಾಟುವುದು ಕಷ್ಟ. 10 ಮತ್ತು 20 ರೂಪಾಯಿ ನಾಣ್ಯಗಳು 27 ಮಿ.ಮೀ. ಇರುವುದರಿಂದ ಚಿಕ್ಕ ಮಕ್ಕಳಲ್ಲಿ ಹೆಚ್ಚು ತಡೆದು ನಿಲ್ಲುತ್ತವೆ.

ನೀರಿಗೆ ಹಾಕಿದರೆ ಉಬ್ಬುವ ಬಣ್ಣದ ಜೆಲ್ಲಿ ಮಣಿ ನುಂಗುವಾಗ ಸಾಸಿವೆಯಷ್ಟಿದ್ದು ಕರುಳಿನಲ್ಲಿ ಗೋಲಿಯಷ್ಟಾಗುತ್ತದೆ. ಎಕ್ಸ್‌ರೇಗೆ ಕಾಣದು. ಇಂಥ ಮಣಿ ಮನೆಯಲ್ಲಿದ್ದು ಮಗು ವಾಂತಿ ಮಾಡುತ್ತಿದೆ, ಹೊಟ್ಟೆ ಉಬ್ಬಿದೆ ಎಂದರೆ ಆ ಮಾತನ್ನು ನೀವೇ ಎತ್ತಬೇಕು, ವೈದ್ಯರಿಗೆ ಊಹಿಸಲು ಬರುವುದಿಲ್ಲ.

ಅಳಗುಳಿ ಮಣೆಯ ಡಬ್ಬಿಯಲ್ಲಿ ಗುಲಗಂಜಿ ಇದ್ದರೆ ತೆಗೆದಿಡಿ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೇ ಹೋಗುವುದು ಹೆಚ್ಚು, ಅಗಿದು ನುಂಗಿದರೆ ಕಡು ವಿಷ. ಕರ್ಪೂರ, ನುಸಿಗುಳಿಗೆಗಳೂ ವಸ್ತು ನುಂಗಿದ ಲೆಕ್ಕಕ್ಕೆ ಬರುವುದಿಲ್ಲ, ಅವು ವಿಷ. ಕರ್ಪೂರದಿಂದ ನಿಮಿಷಗಳಲ್ಲೇ ಫಿಟ್ಸ್ ಬರಬಹುದು. ಎಕ್ಸ್‌ರೇ ಯೋಚನೆ ಬಿಟ್ಟು ತುರ್ತು ವಿಭಾಗಕ್ಕೆ ಹೋಗಿ.

ಮನೆಯಲ್ಲಿ ಕಾಯುವಾಗ

ಜಠರದಲ್ಲಿ ನಾಣ್ಯವೋ ನುಣುಪಾದ ಗುಂಡಿಯೋ ಇದೆ, ಕಾಯಿರಿ ಎಂದು ಕಳಿಸಿದ್ದಾರೆ. ಎಂದಿನ ಊಟ ಕೊಡಿ, ಎಂದಿನಂತೆ ಆಡಲಿ. ಹೆಚ್ಚಿನವು 4ರಿಂದ 6 ದಿನದಲ್ಲಿ ಬರುತ್ತವೆ, ಕೆಲವು ನಾಲ್ಕು ವಾರವನ್ನೂ ತೆಗೆದುಕೊಳ್ಳುತ್ತವೆ. ಮಲ ನೋಡುವುದು ಅಸಹ್ಯದ ಕೆಲಸ, ಆದರೆ ಅದನ್ನು ಸರಿಯಾಗಿ ಮಾಡಿದರೆ ಇನ್ನೊಂದು ಎಕ್ಸ್‌ರೇ ಉಳಿಯುತ್ತದೆ. ಡೈಪರ್ ಹಾಕುವ ಮಗುವಾದರೆ ಮಲವನ್ನು ಪಾರದರ್ಶಕ ಕವರಿಗೆ ಹಾಕಿ ಬಾಯಿ ಕಟ್ಟಿ, ಹೊರಗಿನಿಂದಲೇ ಬೆರಳಲ್ಲಿ ಹಿಸುಕಿ. ನಾಣ್ಯ ಕೂಡಲೇ ಕೈಗೆ ತಾಗುತ್ತದೆ. ಕೂರುವ ಮಗುವಾದರೆ ಪಾಟಿಯೊಳಗೆ ಪೇಪರ್ ಹಾಸಿ, ಆಮೇಲೆ ಹಳೆಯ ಜರಡಿಯಲ್ಲಿ ಹಾಕಿ ಮಗ್ಗಿನಿಂದ ನೀರು ಸುರಿಯಿರಿ. ಆ ಜರಡಿ ಮತ್ತೆ ಅಡುಗೆಮನೆಗೆ ಹೋಗದಿರಲಿ. ಒಂದು ಸಲವೂ ತಪ್ಪಿಸಬಾರದು. ಒಂದು ಡೈಪರ್ ಅಂಗನವಾಡಿಯಲ್ಲಿ ಬಿಸಾಡಿದರೆ ಲೆಕ್ಕವೇ ತಪ್ಪುತ್ತದೆ.

ಎರಡು ವಾರ ಕಳೆದರೂ ಸಿಗದಿದ್ದರೆ ಮತ್ತೊಂದು ಎಕ್ಸ್‌ರೇ. ನಾಲ್ಕು ವಾರ ಜಠರದಲ್ಲೇ ಉಳಿದಿದ್ದರೆ ಎಂಡೋಸ್ಕೋಪಿಯ ಮಾತು ಬರುತ್ತದೆ. ನಮ್ಮ ಸ್ಟೀಲ್ ನಾಣ್ಯಗಳು ಜಠರದ ಆಮ್ಲಕ್ಕೆ ಬೇಗ ಕರಗುವುದಿಲ್ಲ. ಅಮೆರಿಕದಲ್ಲಿರುವವರು ಗಮನಿಸಿ: 1982ರ ನಂತರದ ಒಂದು ಸೆಂಟ್ ನಾಣ್ಯದ ಒಳಗೆಲ್ಲ ಸತು, ಮೇಲೆ ತಾಮ್ರದ ತೆಳು ಲೇಪ ಮಾತ್ರ, ಜಠರದಲ್ಲಿ ಅದು ಕೊರೆದುಹೋಗಿ ಹುಣ್ಣು ಮಾಡಬಲ್ಲದು.

ಕಾಯುವಾಗ ಹಸಿರು ವಾಂತಿ, ಉಬ್ಬಿ ಬಿಗಿದ ಹೊಟ್ಟೆ, ನಿಲ್ಲದ ಅಳು, ಜ್ವರ, ಮಲದಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎನ್ನದೆ ಹೊರಡಿ.

ಸೆಲ್ ಎಲ್ಲೆಲ್ಲಿದೆ

ಒಂದು ಸಂಜೆ ಕುಳಿತು ಮನೆಯ ಸೆಲ್‌ಗಳನ್ನು ಎಣಿಸಿ. ಎಣಿಸಿದವರಿಗೆ ಆಶ್ಚರ್ಯವಾಗುತ್ತದೆ: ಥರ್ಮಾಮೀಟರ್, ಸ್ಕೂಟರ್ ಕೀಲಿ, ಫ್ಯಾನ್ ರಿಮೋಟ್, ಜಪ ಎಣಿಸುವ ಬೆರಳಿನ ಕೌಂಟರ್, ದೀಪಾವಳಿಗೆ ತಂದ ಸೆಲ್ ಹಣತೆ, ಹಾಡುವ ಗ್ರೀಟಿಂಗ್ ಕಾರ್ಡು, ಹೆಜ್ಜೆಯಿಟ್ಟರೆ ಮಿನುಗುವ ಶೂ. ಜಾತ್ರೆಯಲ್ಲಿ ಕೊಳ್ಳುವ ಮಿನುಗು ಉಂಗುರ, ಲೇಸರ್ ಲೈಟನ್ನು ತಿರುಗಿಸಿ ನೋಡಿ. ಸೆಲ್ ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಉಗುರಲ್ಲಿ ಎತ್ತಿದರೆ ಬರುತ್ತದೆ, ಒಳಗೆ ಮೂರು ಪುಟ್ಟ ಸೆಲ್‌ಗಳು ಒಂದರ ಮೇಲೊಂದು. ಅಂಥದ್ದನ್ನು ಮೂರು ವರ್ಷದೊಳಗಿನ ಮಗುವಿರುವ ಮನೆಗೆ ತರಬೇಡಿ, ತಂದಿದ್ದರೆ ಮುಚ್ಚಳಕ್ಕೆ ಗಟ್ಟಿ ಟೇಪು ಸುತ್ತಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ, ಬೀದಿಬದಿಯ ಮಾಲಿನಲ್ಲಿ ಅದನ್ನು ಹುಡುಕಿದರೂ ಸಿಗುವುದು ಅಪರೂಪ. ಉಳಿದ ಸಣ್ಣ ವಸ್ತುಗಳಿಗೆ ಅಳತೆಗೋಲು 3.2 ಸೆಂ.ಮೀ.: ಅಷ್ಟಗಲದ ತೂತಿನಲ್ಲಿ ತೂರುವುದೆಲ್ಲ ಮೂರು ವರ್ಷದವರೆಗೆ ಮಗುವಿನ ಕೈಗೆ ಸಿಗಬಾರದು.

ಸೆಲ್ ಬದಲಿಸಿದ ಆ ಐದು ನಿಮಿಷವೇ ಹೆಚ್ಚು ಅಪಾಯದ ಹೊತ್ತು. ಹೊಸದನ್ನು ಹಾಕುತ್ತಿರುವಾಗ ಹಳೆಯದು ಮೇಜಿನ ಅಂಚಿನಲ್ಲಿ ಬಿದ್ದಿರುತ್ತದೆ. ತೆಗೆದೊಡನೆ ಎರಡೂ ಮುಖ ಮುಚ್ಚುವಂತೆ ಸೆಲ್ಲೋಟೇಪು ಸುತ್ತಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಅಟ್ಟದ ಮೇಲಿಡಿ. ನಾಲ್ಕಾರು ಸೇರಿದ ಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.